ಮನೆಯ ನಾಯಿಯೂ ಅಂಗಳದ ಕೋಳಿಮರಿಗಳೂ: ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮದು ತೋಟದ ನಡುವಿನ ಒಂಟಿ ಮನೆ. ನಾಲ್ಕು ವರ್ಷದ ನಾಟಿ ನಾಯಿಯೊಂದಿದೆ, ಹೆಸರು ಕರಿಯ. ಮಕ್ಕಳು ಬಾಲ ಎಳೆದರೂ ಗುರ್ರೆನ್ನದಷ್ಟು ಸಾಧು. ಬರುವ ತಿಂಗಳು ಇಪ್ಪತ್ತೈದು ಗಿರಿರಾಜ ಮರಿಗಳನ್ನು ತರಬೇಕೆಂದಿದ್ದೇವೆ. ಕಳೆದ ವರ್ಷ ಪಕ್ಕದ ಮನೆಯ ಹೇಂಟೆಯೊಂದನ್ನು ಕರಿಯ ತೋಟದ ಕೊನೆಯವರೆಗೂ ಅಟ್ಟಿಸಿಕೊಂಡು ಹೋಗಿದ್ದ, ಪುಣ್ಯಕ್ಕೆ ಅದು ತಪ್ಪಿಸಿಕೊಂಡಿತು. ಮರಿಗಳನ್ನು ಅವನಿಗೆ ಹೇಗೆ ರೂಢಿ ಮಾಡಿಸಬೇಕು? ಗೂಡಿನ ಪಕ್ಕದಲ್ಲೇ ಕಟ್ಟಿಹಾಕಿದರೆ ನಾಲ್ಕು ದಿನಕ್ಕೆ ತಾನೇ ಸರಿಹೋಗುತ್ತಾನೆ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ.
— ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮರಿ ತರುವ ಮೊದಲೇ ಬರೆದಿರುವುದು ಬಹಳ ಒಳ್ಳೆಯದಾಯಿತು. ಈ ವಿಷಯದಲ್ಲಿ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಮರಿ ಸತ್ತ ಮೇಲೆ ಬರೆದಂಥವು.

ಅತ್ತೆಯವರ ಮಾತಿನಿಂದಲೇ ಆರಂಭಿಸುತ್ತೇನೆ. ಅವರು ಕಂಡದ್ದು ಸುಳ್ಳಲ್ಲ. ಆದರೆ ಅವರ ಕಾಲದ ಅಂಗಳದಲ್ಲಿ ಮರಿಗಳ ಜೊತೆಗೆ ತಾಯಿ ಇರುತ್ತಿತ್ತು. ನಾಟಿ ಹೇಂಟೆ ಕಾವು ಕೂತು ಮರಿ ಮಾಡಿದ ಮೇಲೆ, ನಾಯಿ ಹತ್ತಿರ ಸುಳಿದರೆ ಮೈಗರಿ ಕೆದರಿ, ರೆಕ್ಕೆ ಅಗಲಿಸಿ ನೇರವಾಗಿ ಅದರ ಮೂತಿಗೇ ಎರಗುತ್ತದೆ. ಒಮ್ಮೆ ಮೂಗಿನ ತುದಿಗೆ ಕುಕ್ಕಿಸಿಕೊಂಡ ನಾಯಿಮರಿ ಜೀವಮಾನವಿಡೀ ಕೋಳಿಯನ್ನು ಸುತ್ತುಬಳಸಿ ನಡೆಯುತ್ತದೆ. ನಾಯಿಗೆ ಪಾಠ ಕಲಿಸಿದ್ದು ಹಗ್ಗವಲ್ಲ, ಆ ಹೇಂಟೆ. ನೀವು ತರಲಿರುವ ಗಿರಿರಾಜ, ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಿದ ತಳಿ. ಮರಿಗಳು ಯಂತ್ರದ ಕಾವಿನಲ್ಲಿ ಹುಟ್ಟಿ, ತಾಯಿಯಿಲ್ಲದೆ ರಟ್ಟಿನ ಪೆಟ್ಟಿಗೆಯಲ್ಲಿ ನಿಮ್ಮ ಮನೆಗೆ ಬರುತ್ತವೆ. ಆ ತಾಯಿಯ ಕೆಲಸವನ್ನು ಈಗ ನೀವೂ ನಿಮ್ಮ ಬೇಲಿಯೂ ಮಾಡಬೇಕಾಗಿದೆ.

ಇನ್ನು ಗೂಡಿನ ಪಕ್ಕದಲ್ಲಿ ಕಟ್ಟಿಹಾಕುವ ವಿಚಾರ. ಇದನ್ನು ದಯವಿಟ್ಟು ಮಾಡಬೇಡಿ. ಬೆಳಗಿನಿಂದ ಸಂಜೆಯವರೆಗೆ ಕಣ್ಣೆದುರಿಗೇ ಮರಿಗಳು ಓಡಾಡುತ್ತಿದ್ದು, ತನಗೆ ಮಾತ್ರ ಅವು ಎಟುಕದಿದ್ದರೆ ನಾಯಿಯಲ್ಲಿ ಬೇಸರ ಹುಟ್ಟುವುದಿಲ್ಲ, ತಹತಹ ಬೆಳೆಯುತ್ತದೆ. ಹಗ್ಗ ಕಿತ್ತುಹೋದ ದಿನ, ಅಥವಾ ಯಾರೋ ಮರೆತು ಬಿಚ್ಚಿದ ದಿನ, ಅಷ್ಟು ದಿನ ಕೂಡಿಟ್ಟದ್ದೆಲ್ಲ ಒಂದೇ ಓಟದಲ್ಲಿ ಹೊರಬರುತ್ತದೆ.

ಕರಿಯ ಸಾಧು ಎಂದಿದ್ದೀರಿ, ಅದನ್ನು ನಂಬುತ್ತೇನೆ. ಆದರೆ ಮಕ್ಕಳೊಂದಿಗೆ ಸಾಧುವಾಗಿರುವುದಕ್ಕೂ ಕೋಳಿಮರಿಯನ್ನು ಅಟ್ಟುವುದಕ್ಕೂ ಸಂಬಂಧವಿಲ್ಲ. ನಾಯಿ ಮರಿಯ ಹಿಂದೆ ಓಡುವುದು ಸಿಟ್ಟಿನಿಂದಲ್ಲ, ಎಷ್ಟೋ ಸಲ ಹಸಿವಿನಿಂದಲೂ ಅಲ್ಲ. ಹೊಟ್ಟೆ ತುಂಬಿದ ನಾಯಿಯೂ ಓಡುತ್ತದೆ. ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಡಹುವುದು — ಬೇಟೆಯ ಈ ಸರಣಿ ಎಲ್ಲ ನಾಯಿಗಳ ರಕ್ತದಲ್ಲೂ ಸ್ವಲ್ಪವೋ ಹೆಚ್ಚೋ ಇದೆ. ಪುಟ್ಟದಾದ, ಮೆತ್ತಗಿನ, ಥಟ್ಟನೆ ಓಡುವ, ಚಿಂವ್ ಚಿಂವ್ ಎಂದು ಚೀರುವ ಜೀವವೊಂದು ಕಣ್ಣಿಗೆ ಬಿದ್ದರೆ ಸರಣಿ ತಾನಾಗಿಯೇ ಚಾಲೂ ಆಗುತ್ತದೆ. ಕರಿಯ ಕಳೆದ ವರ್ಷ ಹೇಂಟೆಯನ್ನು ಅಟ್ಟಿದಾಗ ಅದರ ಮೂರು ಮೆಟ್ಟಿಲನ್ನು ಆಗಲೇ ದಾಟಿದ್ದಾನೆ. ಹಿಡಿಯಲಿಲ್ಲವಾದರೂ ಓಡಿದ ಖುಷಿ ಅವನಿಗೆ ಸಿಕ್ಕಿದೆ. ಆದ್ದರಿಂದ ನಮ್ಮ ಗುರಿ ಸರಣಿಯನ್ನು ಮೊದಲ ಮೆಟ್ಟಿಲಲ್ಲೇ, ಅಂದರೆ ದಿಟ್ಟಿಸುವ ಹಂತದಲ್ಲೇ ಮುರಿಯುವುದು.

ಈ ಕೆಲಸ ಮರಿಗಳು ಬರುವ ಮೊದಲೇ ಶುರುವಾಗಲಿ. ನಿಮಗಿನ್ನೂ ಒಂದು ತಿಂಗಳಿದೆ. ಕರಿಯನಿಗೆ ‘ಬಿಡು’ ಎಂಬ ಮಾತನ್ನು ಕಲಿಸಿರಿ. ಮುಷ್ಟಿಯಲ್ಲಿ ಚಪಾತಿಯ ಚೂರು ಹಿಡಿದು ಅವನ ಮೂಗಿನ ಮುಂದೆ ಇಡಿ. ಅವನು ಮೂಸುತ್ತಾನೆ, ನೆಕ್ಕುತ್ತಾನೆ, ಕಾಲಿನಿಂದ ಕೆರೆಯುತ್ತಾನೆ. ಮುಷ್ಟಿ ಬಿಚ್ಚಬೇಡಿ. ಸಾಕಾಗಿ ಮುಖ ಹಿಂದಕ್ಕೆ ತೆಗೆದ ಕ್ಷಣವೇ ‘ಬಿಡು’ ಎಂದು ಹೇಳಿ, ಇನ್ನೊಂದು ಕೈಯಿಂದ ಅದಕ್ಕಿಂತ ರುಚಿಯಾದದ್ದೇನಾದರೂ ಕೊಡಿ. ನಾಲ್ಕೈದು ದಿನಗಳಲ್ಲಿ ಮಾತು ಕೇಳಿದೊಡನೆ ಹಿಂದೆ ಸರಿಯಲು ಕಲಿಯುತ್ತಾನೆ. ಆಮೇಲೆ ನೆಲದ ಮೇಲಿಟ್ಟ ತಿಂಡಿಗೆ, ಉರುಳುವ ಚೆಂಡಿಗೆ, ಕೊನೆಗೆ ದೂರದಲ್ಲಿ ಹಾರುವ ಕಾಗೆಗೂ ಇದೇ ಮಾತು ನಡೆಯುವಂತೆ ದಿನಕ್ಕೆರಡು ಸಲ ಐದೈದು ನಿಮಿಷ ಅಭ್ಯಾಸ ಮಾಡಿಸಿರಿ. ಹಗ್ಗ ಹಿಡಿದು ನಡೆಸುವುದೂ ಅವನಿಗೆ ಈಗಲೇ ರೂಢಿಯಾಗಬೇಕು. ಮಲೆನಾಡಿನ ಮನೆಗಳಲ್ಲಿ ನಾಯಿ ಹಗ್ಗ ಕಾಣುವುದು ಮದ್ದು ಹಾಕಿಸುವ ದಿನ ಮಾತ್ರ, ಹಾಗಾಗಿ ಹಗ್ಗವೆಂದರೇ ಹೆದರುತ್ತದೆ.

ಮರಿಗಳು ಬಂದ ಮೇಲಿನ ಮೊದಲ ವಾರದಲ್ಲಿ ಪರಿಚಯದ ಮಾತೇ ಬೇಡ. ಆಗ ಮರಿಗಳಿಗೆ ಬೇಕಾದದ್ದು ಬಿಸಿ. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್, ಮುಂದೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಮರಿಗಳು ಬಲ್ಬಿನ ಕೆಳಗೆ ಒತ್ತಿಕೊಂಡು ನಿಂತರೆ ಚಳಿಯಾಗಿದೆ ಎಂದರ್ಥ. ದೂರ ಸರಿದು ಬಾಯಿ ತೆರೆದುಕೊಂಡರೆ ಸೆಕೆಯಾಗಿದೆ. ಎಲ್ಲೆಡೆ ಹರಡಿಕೊಂಡು ಮೇಯುತ್ತಿದ್ದರೆ ಸರಿಯಾಗಿದೆ. ಈ ಜಾಗವನ್ನು ಬಾಗಿಲು ಹಾಕುವಂಥ ಕೋಣೆಯೊಳಗೆ ಮಾಡಿ, ಚಿಲಕ ಭದ್ರವಾಗಿರಲಿ. ಬಲ್ಬಿನ ವೈರು ನಾಯಿಯ ಬಾಯಿಗೆ ಎಟುಕದಂತೆ ಮೇಲಿನಿಂದ ಕಟ್ಟಿರಿ, ಏಕೆಂದರೆ ಬಲ್ಬು ಭತ್ತದ ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನಾಯಿ ಮುಟ್ಟದೆಯೇ ಮರಿಗಳು ಸಾಯಬಹುದು. ಹೆದರಿದ ಮರಿಗಳು ಮೂಲೆಗೆ ನುಗ್ಗಿ ಒಂದರ ಮೇಲೊಂದು ಬೀಳುತ್ತವೆ, ಅಡಿಯಲ್ಲಿ ಸಿಕ್ಕಿದವು ಉಸಿರುಗಟ್ಟಿ ಸಾಯುತ್ತವೆ. ಬೆಳಿಗ್ಗೆ ಬಾಗಿಲು ತೆರೆದಾಗ ಮೂಲೆಯಲ್ಲಿ ಚಪ್ಪಟೆಯಾಗಿ ಬಿದ್ದಿದ್ದ ಏಳು ಮರಿಗಳನ್ನು ನಾನೇ ಒಂದು ಮನೆಯಲ್ಲಿ ಎಣಿಸಿದ್ದೇನೆ. ಮೈಮೇಲೆ ಒಂದು ಗೀರೂ ಇರಲಿಲ್ಲ, ಬಾಗಿಲ ಹೊರಗೆ ಮಾತ್ರ ನಾಯಿ ರಾತ್ರಿಯೆಲ್ಲ ಕೆರೆದ ಗುರುತಿತ್ತು. ಆದ್ದರಿಂದ ಚೌಕ ಪೆಟ್ಟಿಗೆಯ ಬದಲು ತಗಡನ್ನೋ ದಪ್ಪ ರಟ್ಟನ್ನೋ ಬಳೆಯಂತೆ ಬಗ್ಗಿಸಿ ಒಂದೂವರೆ ಅಡಿ ಎತ್ತರದ ದುಂಡನೆಯ ಆವರಣ ಮಾಡಿರಿ. ಮೂಲೆಯೇ ಇಲ್ಲದಿದ್ದರೆ ರಾಶಿ ಬೀಳುವುದು ಕಡಿಮೆಯಾಗುತ್ತದೆ, ಮರಿಗಳಿಗೆ ನಾಯಿಯೂ ಕಾಣುವುದಿಲ್ಲ.

ಎರಡನೆಯ ವಾರದಲ್ಲಿ ವಾಸನೆಯಿಂದ ಪ್ರಾರಂಭಿಸಿ. ಮರಿಗಳ ಕೆಳಗೆ ಹಾಸಿದ್ದ ಗೋಣಿಯ ತುಂಡನ್ನು ತಂದು ಜಗಲಿಯಲ್ಲಿಡಿ. ಕರಿಯ ಮೂಸಿ ನೋಡಲಿ, ಸುಮ್ಮನೆ ಬಿಟ್ಟು ಹೋದರೆ ಮೆಚ್ಚಿ ಮಾತಾಡಿಸಿ, ಆಮೇಲೆ ಆ ತುಂಡನ್ನು ಎತ್ತಿಬಿಡಿ. ಅದಾದ ಮೇಲೆ ಅವನನ್ನು ಚೆನ್ನಾಗಿ ಓಡಾಡಿಸಿ, ಊಟ ಹಾಕಿ, ದಣಿದು ಶಾಂತವಾಗಿರುವ ಹೊತ್ತಿನಲ್ಲಿ ಹಗ್ಗ ಹಿಡಿದು ಕೋಣೆಯ ಬಾಗಿಲಿಗೆ ಹತ್ತು ಹನ್ನೆರಡು ಅಡಿ ದೂರಕ್ಕೆ ಕರೆತನ್ನಿ. ಒಬ್ಬರು ಹಗ್ಗ ಹಿಡಿಯಬೇಕು, ಮತ್ತೊಬ್ಬರು ಮರಿಗಳ ಬಳಿ ಇರಬೇಕು. ಎರಡನ್ನೂ ಒಬ್ಬರೇ ನೋಡಿಕೊಳ್ಳಲಾಗದು.

ಇಲ್ಲಿ ನೀವು ನೋಡಬೇಕಾದದ್ದು ಮರಿಗಳನ್ನಲ್ಲ, ಕರಿಯನನ್ನು. ಕಿವಿ ಮುಂದಕ್ಕೆ ನಿಮಿರಿ, ತೆರೆದಿದ್ದ ಬಾಯಿ ಥಟ್ಟನೆ ಮುಚ್ಚಿ, ಮೈ ಬಿಗಿದು, ಒಂದು ಮುಂಗಾಲು ನೆಲದಿಂದ ಮೇಲೆದ್ದರೆ ಅವನು ಬೇಟೆಗೆ ಸಜ್ಜಾಗಿದ್ದಾನೆ. ಬಾಲ ಅಲ್ಲಾಡುತ್ತಿದೆಯಲ್ಲ ಎಂದು ಸಮಾಧಾನಪಡಬೇಡಿ. ಬಿಗಿಯಾಗಿ, ಎತ್ತರಕ್ಕೆ, ಸಣ್ಣದಾಗಿ ಅದುರುವ ಬಾಲವು ಸ್ನೇಹದ ಗುರುತಲ್ಲ. ನಡುಕ, ಕುಂಯ್‌ಗುಡುವಿಕೆ, ಜೊಲ್ಲು ಸುರಿಸುವುದು ಕೂಡ ಎಚ್ಚರಿಕೆಯೇ. ಇದಕ್ಕೆ ಬದಲಾಗಿ ಒಮ್ಮೆ ನೋಡಿ ಮುಖ ತಿರುಗಿಸಿದರೆ, ನೆಲ ಮೂಸಿದರೆ, ನಿಮ್ಮತ್ತ ನೋಡಿದರೆ, ಮಲಗಿದರೆ ಒಳ್ಳೆಯದು. ಮುಖ ತಿರುಗಿಸಿದ ಪ್ರತಿ ಸಲವೂ ತಿಂಡಿ ಕೊಡಿ. ಸುಲಭವಾದ ಪರೀಕ್ಷೆಯೊಂದಿದೆ. ಅವನಿಗೆ ಬಹಳ ಇಷ್ಟವಾದ ತಿನಿಸನ್ನು ಮೂಗಿನ ಬಳಿ ಹಿಡಿದರೂ ಅವನು ಅದರತ್ತ ಗಮನ ಕೊಡದಿದ್ದರೆ ನೀವು ಹತ್ತಿರ ಬಂದದ್ದು ಹೆಚ್ಚಾಯಿತು. ಗದರದೆ, ಹಗ್ಗ ಜಗ್ಗದೆ, ಅವನನ್ನು ಕರೆದುಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಎರಡು ಮೂರು ದಿನ ಒಂದೇ ದೂರದಲ್ಲಿ ಶಾಂತನಾಗಿದ್ದರೆ ಒಂದು ಹೆಜ್ಜೆ ಮುಂದೆ ಬನ್ನಿ. ಈ ಲೆಕ್ಕದಲ್ಲಿ ಬಾಗಿಲವರೆಗೆ ತಲುಪಲು ಮೂರು ವಾರ ಹಿಡಿದರೆ ಗಾಬರಿ ಬೇಡ.

ಅಂಗೈಯಲ್ಲಿ ಮರಿಯನ್ನು ಹಿಡಿದು ನಾಯಿಯ ಮೂಗಿಗೆ ತೋರಿಸುವ ಪದ್ಧತಿಯನ್ನು ಮೊಬೈಲಿನ ವಿಡಿಯೊಗಳಲ್ಲಿ ನೀವೂ ನೋಡಿರಬಹುದು. ನಾನು ಅದನ್ನು ಒಪ್ಪುವುದಿಲ್ಲ. ಒಂದು ದಿನದ ಮರಿಯ ತೂಕ ಮೂವತ್ತೈದು ನಲವತ್ತು ಗ್ರಾಂ. ನಾಯಿ ಬಾಯಿ ಹಾಕಲು ತೆಗೆದುಕೊಳ್ಳುವ ಹೊತ್ತಿನಲ್ಲಿ ನಿಮ್ಮ ಕೈ ಹಿಂದೆ ಬಂದಿರುವುದಿಲ್ಲ.

ಆರೇಳು ವಾರಕ್ಕೆ ಮರಿಗಳು ಅಂಗಳಕ್ಕಿಳಿದಾಗ ನಾಯಿಯ ಪಾಠವನ್ನು ಮತ್ತೆ ಮೊದಲಿನಿಂದ ಮಾಡಬೇಕು, ಏಕೆಂದರೆ ಪೆಟ್ಟಿಗೆಯಲ್ಲಿ ಮೇಯುವ ಮರಿ ಬೇರೆ, ರೆಕ್ಕೆ ಬಡಿದು ಅಂಗಳ ದಾಟುವ ಮರಿ ಬೇರೆ. ಬೇಲಿಗೆ ಸಾಮಾನ್ಯ ಕೋಳಿಜಾಲರಿಯನ್ನೇ ನಂಬಬೇಡಿ. ಅದು ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ಹೊರಗಿಡುವುದಿಲ್ಲ. ಕೆಳಗಿನ ಎರಡಡಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸೆದ ಗಟ್ಟಿ ತಂತಿಯ ಜಾಲರಿ) ಹಾಕಿ, ಅದರ ಅಂಚನ್ನು ನೆಲದ ಮೇಲೆ ಹೊರಮುಖವಾಗಿ ಒಂದಡಿ ಮಡಚಿ ಕಲ್ಲು ಹೇರಿದರೆ ನಾಯಿಯಾಗಲಿ ಮುಂಗುಸಿಯಾಗಲಿ ಬುಡದಲ್ಲಿ ತೋಡಲಾರದು. ಗಿರಿರಾಜ ಮೈತುಂಬಿದ ಭಾರದ ಕೋಳಿ, ಹಾರಿ ಮಾಡು ಹತ್ತಿ ತಪ್ಪಿಸಿಕೊಳ್ಳುವ ಚುರುಕು ನಾಟಿ ಕೋಳಿಯಷ್ಟು ಅದಕ್ಕಿಲ್ಲ ಎಂಬುದನ್ನೂ ನೆನಪಿಡಿ. ಕರಿಯನನ್ನು ಹಗ್ಗದಲ್ಲಿ ಹಿಡಿದು ಬೇಲಿಯ ಹೊರಗೆ ದಿನವೂ ನಡೆಸಿ. ಕೋಳಿಗಳು ಪೂರ್ತಿ ಬೆಳೆದು, ಅವನು ತಿಂಗಳುಗಟ್ಟಲೆ ಅವುಗಳ ಓಡಾಟವನ್ನು ಗಮನಿಸದೆ ಮಲಗುವಂತಾದ ಮೇಲೆ, ನಿಮ್ಮ ಕಣ್ಣೆದುರಿನಲ್ಲಿ, ಉದ್ದನೆಯ ಹಗ್ಗವನ್ನು ನೆಲದಲ್ಲಿ ಎಳೆದುಕೊಂಡು ಓಡಾಡಲು ಬಿಡಬಹುದು. ನೀವು ಒಳಗೆ ಹೋಗುವಾಗ ಅವನೂ ಹೊರಗಿನ ಜಗಲಿಗೆ ಬರಬೇಕು, ಅದು ಒಂದೇ ನಿಮಿಷಕ್ಕಾದರೂ ಸರಿಯೇ. ರಾತ್ರಿ ಗೂಡಿನ ಹೊರಗೆ ಅವನು ಮಲಗಿದ್ದರೆ ಕಾಡುಬೆಕ್ಕು ಹತ್ತಿರ ಬರಲು ಹಿಂಜರಿಯುತ್ತದೆ. ಆ ಉಪಕಾರವನ್ನು ಕರಿಯ ಖಂಡಿತ ಮಾಡುತ್ತಾನೆ, ಗೂಡಿನ ಬಾಗಿಲಿಗೆ ಚಿಲಕವಿರಬೇಕಷ್ಟೆ.

ಪ್ರಶ್ನೆ: ನಮ್ಮ ಒಂದೂವರೆ ವರ್ಷದ ಮುಧೋಳ ನಾಯಿ ಹಿಂದಿನ ವಾರ ಎರಡು ಕೋಳಿಮರಿಗಳನ್ನು ಕೊಂದಿತು. ಸತ್ತ ಮರಿಯನ್ನು ಅದರ ಕೊರಳಿಗೆ ಕಟ್ಟಿ ಮೂರು ದಿನ ಬಿಡಬೇಕೆಂದು ಊರಿನ ಹಿರಿಯರೊಬ್ಬರು ಹೇಳಿದರು. ರಕ್ತದ ರುಚಿ ಕಂಡ ನಾಯಿ ಮತ್ತೆ ಸುಧಾರಿಸುವುದಿಲ್ಲ ಎಂದೂ ಕೆಲವರು ಹೇಳುತ್ತಾರೆ. ನಾಯಿಯನ್ನು ಬೇರೆಯವರಿಗೆ ಕೊಟ್ಟುಬಿಡಬೇಕೇ?
— ರೈತರು, ಬಾಗಲಕೋಟೆ ಜಿಲ್ಲೆ

ಉತ್ತರ: ಕೊರಳಿಗೆ ಕಟ್ಟುವುದನ್ನು ಮಾಡಬೇಡಿ. ಕೊಂದ ಗಳಿಗೆಗೂ ಕೊಳೆತ ಮರಿ ಕೊರಳಲ್ಲಿ ತೂಗುವುದಕ್ಕೂ ನಡುವಿನ ಸಂಬಂಧವನ್ನು ನಾಯಿಯ ಮನಸ್ಸು ಜೋಡಿಸಲಾರದು. ಅದಕ್ಕೆ ಸಿಗುವುದು ದುರ್ವಾಸನೆ, ನೊಣ, ಹುಳು ಮತ್ತು ರೋಗ. ಹೊಡೆಯುವುದರಿಂದಲೂ ಪ್ರಯೋಜನವಿಲ್ಲ, ನಾಯಿ ಕಲಿಯುವುದು ನಿಮ್ಮೆದುರು ಕೊಲ್ಲಬಾರದು ಎಂಬುದನ್ನು ಮಾತ್ರ.

ರಕ್ತದ ರುಚಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ನಾಯಿಗೆ ಹಿಡಿಸುವುದು ರಕ್ತಕ್ಕಿಂತ ಹೆಚ್ಚಾಗಿ ಓಟ. ಒಮ್ಮೆ ಅಟ್ಟಿ ಹಿಡಿದ ನಾಯಿ ಎರಡನೆಯ ಸಲ ಇನ್ನೂ ಬೇಗ, ಇನ್ನೂ ನಿಖರವಾಗಿ ಹಿಡಿಯುತ್ತದೆ. ಆದ್ದರಿಂದ ನಿಮ್ಮ ಮನೆಯಲ್ಲಿ ಮೂರನೆಯ ಮರಿ ಸಾಯದಂತೆ ನೋಡಿಕೊಳ್ಳುವುದು ಮರಿಯ ದೃಷ್ಟಿಯಿಂದ ಎಷ್ಟು ಮುಖ್ಯವೋ ನಾಯಿಯ ದೃಷ್ಟಿಯಿಂದಲೂ ಅಷ್ಟೇ ಮುಖ್ಯ.

ನಿಮ್ಮ ನಾಯಿ ಕೆಟ್ಟ ನಾಯಿಯಲ್ಲ ಎಂಬುದನ್ನು ಮನಸ್ಸಿಗೆ ತಂದುಕೊಳ್ಳಿ. ಮುಧೋಳ ತಳಿಯನ್ನು ಆ ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿ ಬೆಳೆಸಿದ್ದೇ ಬೇಟೆಗಾಗಿ. ಮೂಗಿಗಿಂತ ಕಣ್ಣನ್ನು ನಂಬಿ, ಬಯಲಿನಲ್ಲಿ ದೂರದ ಮೊಲದ ಚಲನೆಯನ್ನು ಗುರುತಿಸಿ, ಯಜಮಾನನ ಅಪ್ಪಣೆಗೆ ಕಾಯದೆ ಓಡಿ ಹಿಡಿಯಬೇಕಾದ ನಾಯಿ ಅದು. ಆ ಗುಣಕ್ಕಾಗಿಯೇ ತಲೆತಲಾಂತರದಿಂದ ಆರಿಸಿ ಬೆಳೆಸಿದ ಪ್ರಾಣಿ, ಹಿತ್ತಲಲ್ಲಿ ಮರಿಯೊಂದು ಓಡಿದಾಗ ಸುಮ್ಮನಿರಲಿ ಎಂದು ಬಯಸುವುದು ಅದಕ್ಕೆ ಮಾಡುವ ಅನ್ಯಾಯ. ಒಮ್ಮೆ ಓಟಕ್ಕೆ ಬಿದ್ದ ಮುಧೋಳವನ್ನು ಕೂಗಿ ನಿಲ್ಲಿಸುವುದು ಪಳಗಿದವರಿಗೂ ಕಷ್ಟ.

ಹಾಗಾಗಿ ನಾಯಿಗೂ ಕೋಳಿಗೂ ಸ್ನೇಹ ಬೆಳೆಸುವ ಪ್ರಯತ್ನವನ್ನೇ ಕೈಬಿಟ್ಟು, ಎರಡನ್ನೂ ಶಾಶ್ವತವಾಗಿ ಬೇರ್ಪಡಿಸಿ ಎಂಬುದು ನನ್ನ ಸಲಹೆ. ಕೋಳಿಯ ಆವರಣದ ಬೇಲಿ ಆರಡಿಗೆ ಕಡಿಮೆಯಿರಬಾರದು, ಈ ನಾಯಿ ಎತ್ತರ ಜಿಗಿಯುತ್ತದೆ. ಕೆಳಗಿನ ಮೂರಡಿಗೆ ತಗಡನ್ನೋ ತಟ್ಟಿಯನ್ನೋ ಕಟ್ಟಿ ಮರಿಗಳ ಓಡಾಟ ಅದರ ಕಣ್ಣಿಗೆ ಬೀಳದಂತೆ ಮಾಡಿರಿ; ಕಣ್ಣಿನಿಂದ ಬೇಟೆಯಾಡುವ ನಾಯಿಗೆ ಇದರಿಂದ ದೊಡ್ಡ ನೆಮ್ಮದಿ ಸಿಗುತ್ತದೆ. ದಿನಕ್ಕೆರಡು ಸಲ ಕೋಳಿ ಕುರಿಗಳಿಲ್ಲದ, ಬೇಲಿಯಿರುವ ಹೊಲದಲ್ಲಿ ಮನಸಾರೆ ಓಡಿಸಿ. ಬಾಯಿಗೆ ಬುಟ್ಟಿ ಹಾಕಿದರೆ ಸಾಕೇ ಎಂದು ಕೆಲವರು ಕೇಳುತ್ತಾರೆ. ಬುಟ್ಟಿ ಹಾಕಿದ ನಾಯಿ ಕಚ್ಚಲಾರದು, ಆದರೆ ಕಾಲಿನಿಂದ ಅದುಮಿ ಮರಿಯನ್ನು ಕೊಲ್ಲಬಲ್ಲದು. ಬೇಲಿ ಕಟ್ಟುವಷ್ಟು ಜಾಗವಿದ್ದರೆ ನಾಯಿಯನ್ನು ಕೊಟ್ಟುಬಿಡುವ ಅಗತ್ಯ ನನಗೆ ಕಾಣುವುದಿಲ್ಲ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಕೋಳಿಮರಿಯನ್ನು ಬಾಯಲ್ಲಿ ಎತ್ತಿಕೊಂಡು ಬಂದು ನನ್ನ ಕಾಲ ಬಳಿ ಇಟ್ಟಿತು. ಹಲ್ಲಿನ ಗುರುತೇ ಇರಲಿಲ್ಲ. ಆದರೂ ಮರಿ ಸ್ವಲ್ಪ ಹೊತ್ತಿನಲ್ಲೇ ಸತ್ತಿತು. ಏಕೆ?
— ಓದುಗರು, ಪುತ್ತೂರು

ಉತ್ತರ: ಬೇಟೆಗಾರ ಹೊಡೆದುರುಳಿಸಿ ನೀರಿಗೆ ಬಿದ್ದ ಹಕ್ಕಿಯನ್ನು ಬಾಯಲ್ಲಿ ಹಾಳುಮಾಡದೆ ಎತ್ತಿ ತರಲೆಂದು ಬೆಳೆಸಿದ ತಳಿ ಅದು. ನಿಮ್ಮ ನಾಯಿ ತನಗೆ ತಿಳಿದ ಅತ್ಯಂತ ಮೃದುವಾದ ರೀತಿಯಲ್ಲೇ ಮರಿಯನ್ನು ಹಿಡಿದಿದೆ. ಆದರೆ ಹಕ್ಕಿಗಳ ಉಸಿರಾಟ ನಮ್ಮಂತಲ್ಲ. ನಮಗಿರುವ ವಪೆ ಎಂಬ ಸ್ನಾಯುಪದರ ಅವಕ್ಕಿಲ್ಲ. ಎದೆಯ ಮೂಳೆ ಮತ್ತು ಪಕ್ಕೆಲುಬುಗಳು ಹಿಗ್ಗಿ ಕುಗ್ಗಿದರೆ ಮಾತ್ರ ಗಾಳಿ ಒಳಹೊರಗೆ ಆಡುತ್ತದೆ. ಎದೆಯನ್ನು ಸುತ್ತಲಿಂದ ಒತ್ತಿ ಹಿಡಿದರೆ, ಹಿಡಿತ ಎಷ್ಟೇ ಹಗುರವಾಗಿದ್ದರೂ, ಮರಿ ಉಸಿರಾಡಲಾರದು. ಮಕ್ಕಳು ಪ್ರೀತಿಯಿಂದ ಮುಷ್ಟಿಯಲ್ಲಿ ಬಿಗಿಹಿಡಿದ ಮರಿಗಳು ಸಾಯುವುದೂ ಇದೇ ಕಾರಣಕ್ಕೆ. ಅದರ ಮೇಲೆ ಜೊಲ್ಲಿನಿಂದ ಮೈ ಒದ್ದೆಯಾಗಿ ಚಳಿ ಹಿಡಿಯುತ್ತದೆ, ಹೆದರಿಕೆ ಬೇರೆ.

ಇನ್ನೊಮ್ಮೆ ಹೀಗಾದರೆ ಕೂಗಬೇಡಿ, ಬೆನ್ನಟ್ಟಬೇಡಿ, ಬಾಯಿಂದ ಎಳೆಯಲೂಬೇಡಿ. ನಾಯಿ ಹಿಡಿತ ಬಿಗಿ ಮಾಡುತ್ತದೆ. ತಿನಿಸೊಂದನ್ನು ಮುಂದೆ ಹಿಡಿದು ‘ಬಿಡು’ ಎನ್ನಿ. ಬಿಡಿಸಿಕೊಂಡ ಮರಿಯನ್ನು ಒಣಬಟ್ಟೆಯಿಂದ ಒರೆಸಿ, ಕತ್ತಲಾದ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಸುಮ್ಮನೆ ಬಿಡಿ, ಬಾಯಿಗೆ ನೀರು ಹುಯ್ಯಬೇಡಿ. ಗರಿ ಸರಿಸಿ ನೋಡಿದಾಗ ಸೂಜಿಮೊನೆಯಷ್ಟು ತೂತು ಕಂಡರೂ ಅದೇ ದಿನ ಪಶುವೈದ್ಯರ ಬಳಿಗೆ ಒಯ್ಯಿರಿ, ಏಕೆಂದರೆ ನಾಯಿಯ ಬಾಯಿಯ ಬ್ಯಾಕ್ಟೀರಿಯಾಗಳಿಂದ ಗಾಯ ಬೇಗ ನಂಜಾಗುತ್ತದೆ. ಬಿಡಿಸುವ ಗಡಿಬಿಡಿಯಲ್ಲಿ ನಿಮ್ಮ ಕೈಗೆ ಹಲ್ಲು ತಾಗಿದ್ದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಸಾಕುನಾಯಿಯೆಂದು ಉದಾಸೀನ ಮಾಡದೆ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿರಿ.

ಪ್ರಶ್ನೆ: ನಮ್ಮ ನಾಯಿ ಮರಿಗಳ ತಂಟೆಗೆ ಹೋಗುವುದಿಲ್ಲ, ಆದರೆ ಅವುಗಳ ಆಹಾರವನ್ನೂ ಹಿಕ್ಕೆಯನ್ನೂ ತಿನ್ನುತ್ತದೆ. ಮನೆಯಲ್ಲಿ ಮೂರು ವರ್ಷದ ಮಗುವಿದೆ. ತೊಂದರೆಯುಂಟೇ?
— ಓದುಗರು, ತುಮಕೂರು

ಉತ್ತರ: ಉಂಟು. ಆಹಾರದ ಚೀಲದ ಮೇಲಿನ ಚೀಟಿಯನ್ನು ಓದಿ ನೋಡಿ. ಮರಿಗಳಿಗೆ ರಕ್ತಭೇದಿ ತರುವ ಕಾಕ್ಸಿಡಿಯೋಸಿಸ್ ರೋಗವನ್ನು ತಡೆಯಲು ಕೆಲವು ಆಹಾರಗಳಲ್ಲಿ ಮೊನೆನ್ಸಿನ್‌ನಂಥ ಔಷಧವನ್ನು ಬೆರೆಸಿರುತ್ತಾರೆ. ಕೋಳಿಗೆ ಹಿತವಾದ ಆ ಪ್ರಮಾಣ ನಾಯಿಗೆ ವಿಷವಾಗಬಹುದು. ನಾಯಿಯ ಹಿಂಗಾಲುಗಳು ಸೋತು ನಡಿಗೆ ತೂರಾಡಿದರೆ ಚೀಲದ ಚೀಟಿಯನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ಪಶು ಆಸ್ಪತ್ರೆಗೆ ಹೋಗಿ. ಆಹಾರವನ್ನು ಮುಚ್ಚಳವಿರುವ ಡಬ್ಬದಲ್ಲಿಡಿ, ಮೇವಿನ ತಟ್ಟೆಯನ್ನು ಆವರಣದೊಳಗೇ ಇರಿಸಿ.

ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ, ಭೇದಿ ತರುವ ಬ್ಯಾಕ್ಟೀರಿಯಾ ಇರುವ ಸಾಧ್ಯತೆಯಿದೆ. ಆರೋಗ್ಯವಾಗಿ ಕಾಣುವ ಮರಿಯಲ್ಲೂ ಇರಬಹುದು. ಹಿಕ್ಕೆ ತಿಂದ ನಾಯಿ ಮಗುವಿನ ಮುಖ ನೆಕ್ಕಿದರೆ ರೋಗಾಣು ಮಗುವಿಗೆ ದಾಟಬಹುದು. ಐದು ವರ್ಷದೊಳಗಿನ ಮಕ್ಕಳಲ್ಲಿ ಇದರ ಭೇದಿ ಗಂಭೀರವಾಗಬಹುದು. ಮಗು ಮರಿಗೆ ಮುತ್ತಿಡದಿರಲಿ, ಮರಿಯನ್ನಾಗಲಿ ನಾಯಿಯನ್ನಾಗಲಿ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಸಿ. ಸತ್ತ ಮರಿಯನ್ನು ತಿಪ್ಪೆಗೆ ಎಸೆದರೆ ನಾಯಿ ಎಳೆದು ತರುತ್ತದೆ, ಆದ್ದರಿಂದ ಮೂರಡಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿರಿ. ಒಮ್ಮೆಗೇ ಹಲವು ಮರಿಗಳು ಸತ್ತರೆ ಹೂಳುವ ಮೊದಲು ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಅವರು ಬಂದು ನೋಡುವವರೆಗೆ ನಾಯಿಯನ್ನು ಒಳಗೆ ಕಟ್ಟಿಹಾಕಿರಿ.